ಇಲಿ ಔಷಧಿ

ಒಗ್ಗರಣೆ ಮಿರ್ಚಿ ಆರ್ಡರ್ ಕೊಟ್ಟು ಕುಂತಿದ್ವಿ, ಪಂಪಣ್ಣ ಜೇಬಿಂದ ಕಣ್ಣಿಗೆ ಬಿಡೋ ಡ್ರಾಪ್ಸಿನಷ್ಟು ಬಾಟ್ಲಿ ತೆಗೆದು ಟೇಬಲ್ ಮ್ಯಾಲೆ ಇಟ್ಟ.

"ಪ್ರೋಪೊಲಿಸ್. ಜೇನುಹುಳದ ಅಂಟು. ಮೈಯಾಗಿನ ಹೆವಿ ಮೆಟಲ್, ಅಂದ್ರೆ ಸೀಸದಂಥ ವಿಷದ ಲೋಹ ಎಲ್ಲಾ ತೊಳೀತದಂತೆ. 800 ರೂಪಾಯಿ."

"ಯಾರಪ್ಪ ಹೇಳಿದ್ದು?" ಅಂದ ರಾಜಾಸಾಬ್.

"ರಿಸರ್ಚ್ ಐತಲೇ, ವಾಟ್ಸಾಪ್ನಾಗೆ ಬಂದೈತೆ."

"ಐತೆ, ಸುಳ್ಳಲ್ಲ" ಅಂದ ಬಸಣ್ಣ. "ಸೀಸ, ಕ್ಯಾಡ್ಮಿಯಂ ತಿನ್ನಿಸಿದ ಇಲಿಗೆ ಇದನ್ನ ಕೊಟ್ರೆ ಲಿವರ್ ಕಿಡ್ನಿಗೆ ಪೆಟ್ಟು ಕಮ್ಮಿ ಅಂತ ಬರ್ದಾರೆ. ಇಲಿಗೆ. ನಿಂಗೆ ಬಾಲ ಐತೇನು?"

"ಇಲಿಗೆ ಆಗಿದ್ದು ನಂಗ್ಯಾಕೆ ಆಗಲ್ಲ?"

"ಇನ್ನೊಂದು ಇಲಿ ಕಥೆ ಕೇಳು. ಜೇನುಪೆಟ್ಟಿಗೆಯಾಗೆ ಇಲಿ ಹೊಕ್ಕಿ ಸತ್ರೆ ಹುಳಕ್ಕೆ ಅದನ್ನ ಎಳೆದು ಹೊರಗೆ ಹಾಕೋ ತಾಕತ್ತಿಲ್ಲ, ಅದಕ್ಕೇ ಕೊಳೀಬಾರ್ದು ಅಂತ ಇದೇ ಅಂಟು ಮೈತುಂಬಾ ಮೆತ್ತಿ ಮುಚ್ಚಿಬಿಡ್ತಾವೆ. ಲ್ಯಾಬಿನ ಇಲಿಗೆ ಔಷಧಿ, ಗೂಡಿನ ಇಲಿಗೆ ಸಮಾಧಿ. ನಿನ್ನ ಬಾಟ್ಲಿ ಯಾವ ಇಲಿದಪ್ಪ?"

ಅಷ್ಟೊತ್ತಿಗೆ ಮಿರ್ಚಿ ಬಂದಿತ್ತು, ರಾಜಾಸಾಬ್‌ಗೆ ನಗುನೂ ಖಾರಾನೂ ಒಟ್ಟಿಗೆ ನೆತ್ತಿಗೇರಿ ನೀರು ನೀರು ಅಂದ.

"ಅದೂ ನಮ್ಮ ತುಡುವೆ ಜೇನು ಈ ಅಂಟು ಮುಟ್ಟೋದೇ ಇಲ್ಲ" ಅಂದ ಬಸಣ್ಣ, "ಇದನ್ನ ಮಾಡೋದು ಮೆಲ್ಲಿಫೆರಾ, ಹೊರಗಿನ ತಳಿ ಹುಳ. ಇನ್ನ ಹುಳ ಊರೆಲ್ಲಾ ತಿರುಗಿ ಧೂಳು ಮೈಗೆ ಹತ್ತಿಸ್ಕೊಂಡು ಬರ್ತದೆ ಅಂತ, ಎಲ್ಲಿ ಎಷ್ಟು ಸೀಸ ಐತೆ ನೋಡೋಕೆ ವಿಜ್ಞಾನಿಗಳು ಅದನ್ನೇ ಹಿಡ್ದು ಟೆಸ್ಟ್ ಮಾಡ್ತಾರೆ. ಪಕ್ಕದ ಬೆಡ್ಡಿನ ಪೇಷಂಟ್ ಹತ್ರ ಔಷಧಿ ಕೇಳಿದಂಗಾತು ನಿಂದು!"

"ಮತ್ತೇನು ಮಾಡ್ಲಿ?"

"ರಕ್ತ ಟೆಸ್ಟ್ ಮಾಡಿಸು. ಸೀಸ ಜಾಸ್ತಿ ಐತೆ ಅಂದ್ರೆ ಡಾಕ್ಟ್ರು ಕೀಲೇಶನ್ ಅಂತ ಔಷಧಿ ಕೊಡ್ತಾರೆ, ಅದು ಲೋಹ ಹಿಡ್ಕೊಂಡು ಉಚ್ಚೆಯಾಗೆ ಹೊರಗೆ ಹಾಕ್ತದೆ. ಮಾಡಿಸಿದ್ಯಾ?"

ಪಂಪಣ್ಣ ಮಿರ್ಚಿ ತೊಟ್ಟು ಮುರೀತಾ ಕುಂತ. 2011ರಾಗೆ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸೋವರೆಗೂ ಅವ ಸಂಡೂರಿಂದ ಅದಿರು ಲಾರಿ ಹೊಡೆದೋನು, ಆಗ ಹೆಂಡ್ತಿ ಅವನ ಅಂಗಿ ಮೂರು ಸಲ ಒಗೆದ್ರೂ ನೀರು ಕೆಂಪೇ ಬರ್ತಿತ್ತು.

"ಟೆಸ್ಟಿನಾಗೆ ಏನಾರ ಬಂದ್ಬಿಟ್ರೆ?" ಅಂದ.

ಬಸಣ್ಣನ ಬಾಯಿ ಮೊದಲ್ನೇ ಸಲ ಕಟ್ಟಿತು. ಸ್ವಲ್ಪ ಹೊತ್ತು ಬಿಟ್ಟು ತನ್ನ ಚಾ ಗ್ಲಾಸ್ ಮುಂದಕ್ಕೆ ತಳ್ಳಿ, "ಹಾಕು ಎರಡು ಹನಿ, ನಾನೂ ಇಲಿನೇ. ನಾಳೆ ಇಬ್ರೂ ಹೋಗಿ ರಕ್ತ ಕೊಟ್ಟು ಬರೋಣ" ಅಂದ.

ಚಾ ಕಹಿ ಆತು. ಅಂಟು ಗ್ಲಾಸಿಗೆ ಹತ್ಕೊಂಡ್ತು. ನಾವು ಎದ್ದು ಬರೋವಾಗ ಹೋಟ್ಲು ಹುಡುಗ ಅದನ್ನ ಬೆಳಕಿಗೆ ಹಿಡ್ದು ಹಿಡ್ದು ನೋಡ್ತಾ ತಿಕ್ತಾನೇ ಇದ್ದ.