ಅಪ್ಪನ ಸಾಲಿಗ್ರಾಮ, ಇನ್ಮೇಲೆ ಪೂಜೆ ಯಾರು ಮಾಡ್ಬೇಕು?

ಕುವೆಂಪುನಗರದವಳು:
ಎಲ್ರಿಗೂ ನಮಸ್ಕಾರ. ಅಪ್ಪ ತೀರ್ಕೊಂಡು ನಾಲ್ಕು ತಿಂಗಳಾಯ್ತು. ದಿನಾ ಮಡಿ ಉಟ್ಕೊಂಡು ಪುರುಷಸೂಕ್ತ ಹೇಳ್ತಾ ಸಾಲಿಗ್ರಾಮಕ್ಕೆ ಅಭಿಷೇಕ ಮಾಡೋರು, ಅದಾಗೋವರೆಗೂ ಕಾಫಿನೂ ಮುಟ್ತಿರ್ಲಿಲ್ಲ. ನಿಂಬೆಹಣ್ಣಿನ ಗಾತ್ರದ ಕಪ್ಪು ಕಲ್ಲು, ಒಂದ್ ಕಡೆ ಸಣ್ಣ ಬಾಯಿ, ಒಳಗೆ ಟಾರ್ಚ್ ಬಿಟ್ರೆ ಚಕ್ರ ಕಾಣತ್ತೆ. ನಾನೊಬ್ಳೇ ಮಗಳು, ಅಮ್ಮಂಗೆ ಮಂಡಿನೋವು. ನೆಂಟ್ರು ಹೆದರಿಸ್ತಿದಾರೆ, ಪೂಜೆ ತಪ್ಪಿದ್ರೆ ಮನೆಗೆ ಒಳ್ಳೇದಲ್ಲ ಅಂತಾರೆ, ಹೆಂಗಸ್ರು ಮುಟ್ಟಬಾರ್ದು ಅಂತಾನೂ ಅವ್ರೇ ಅಂತಾರೆ, ಹಾಗಾದ್ರೆ ನಾನೇನ್ ಮಾಡ್ಲಿ? ಯಾರಿಗಾದ್ರೂ ಕೊಡೋಕೆ ಮನಸ್ಸು ಬರ್ತಿಲ್ಲ.

ಗಂಜಾಂ ನಿವಾಸಿ:
ಮೊದ್ಲು ಹೆದ್ರಿಕೆ ಬಿಡಮ್ಮ. ಸಾಲಿಗ್ರಾಮಕ್ಕೆ ಪ್ರಾಣಪ್ರತಿಷ್ಠೆ ಬೇಡ, ಆವಾಹನೆ ಬೇಡ, ವಿಷ್ಣು ಅದ್ರಲ್ಲಿ ಸದಾ ಇದಾನೆ ಅಂತಾನೇ ಹಿರಿಯರ ನಂಬಿಕೆ. ಐದು ದೇವರನ್ನ ಒಟ್ಟಿಗೆ ಪೂಜಿಸೋ ಪಂಚಾಯತನ ಪೂಜೇಲೂ ಅಷ್ಟೆ, ಶಿವಂಗೆ ನರ್ಮದೆಯ ಬಾಣಲಿಂಗ, ವಿಷ್ಣುಗೆ ಗಂಡಕಿಯ ಸಾಲಿಗ್ರಾಮ. ಒಂದು ಉದ್ಧರಣೆ ನೀರು, ಒಂದ್ ದಳ ತುಳಸಿ, ನೈವೇದ್ಯಕ್ಕೆ ಹಾಲು, ಸಾಕು. ತುಳಸಿ ಮಾತ್ರ ತಪ್ಪಿಸ್ಬೇಡಿ.

ಮೇಲುಕೋಟೆ ಕಡೆಯವ:
ನಮ್ಮಲ್ಲಿ ಹೆಂಗಸ್ರು ಸಾಲಿಗ್ರಾಮ ಮುಟ್ಟಿ ಪೂಜೆ ಮಾಡೋ ಪದ್ಧತಿ ಇಲ್ಲ, ಇದ್ದದ್ದನ್ನ ಹೇಳ್ತಿದೀನಿ ತಪ್ಪು ತಿಳೀಬೇಡಿ. ದಾಯಾದಿಗಳಲ್ಲಿ ಶ್ರದ್ಧೆ ಇರೋರಿಗೆ ಕೊಡಿ, ಇಲ್ಲಾ ನಿಮ್ಮ ಮಠಕ್ಕೆ ಒಪ್ಸಿ. ದುಡ್ಡಿಗೆ ಮಾತ್ರ ಕೊಡಬೇಡಿ, ಸಾಲಿಗ್ರಾಮಕ್ಕೆ ಬೆಲೆ ಕಟ್ಟೋದೇ ದೋಷ.

ಕಲ್ಲು ಓದಿದವಳು:
ನಾನು ಮಾನಸಗಂಗೋತ್ರಿಲಿ ಜಿಯಾಲಜಿ ಓದಿದ್ದು. ಇವು ಸಿಗೋದು ನೇಪಾಳದ ಕಾಳಿ ಗಂಡಕಿ ನದೀಲಿ, ಮುಕ್ತಿನಾಥದ ಆಸುಪಾಸು. ನೀವು ನೋಡಿದ ಚಕ್ರ ಅಮೋನೈಟ್ ಅನ್ನೋ ಸಮುದ್ರಜೀವಿಯ ಚಿಪ್ಪಿನ ಸುರುಳಿ, ಹಿಮಾಲಯ ಏಳೋಕೆ ಮುಂಚೆ ಅಲ್ಲಿ ಟೆಥಿಸ್ ಸಮುದ್ರ ಇತ್ತು. ಇದು ಗೊತ್ತಾದ್ಮೇಲೆ ನಂಗೆ ಭಕ್ತಿ ಹೆಚ್ಚೇ ಆಯ್ತು, ಕಡಿಮೆ ಆಗ್ಲಿಲ್ಲ. ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ಉಜ್ಜಬೇಡಿ, ಹುಳಿಗೆ ಚಿಪ್ಪಿನ ಭಾಗ ಸವೆಯತ್ತೆ. ಅಭಿಷೇಕ ಆದ್ಮೇಲೆ ಬಾಯೊಳಗೆ ನೀರು ನಿಲ್ದಂಗೆ ಬೋರಲು ಹಾಕಿ, ಮೆತ್ತನೆ ಬಟ್ಟೇಲಿ ಒರೆಸಿ. ಇನ್ನು ಮುಟ್ಟೋ ವಿಷ್ಯ, ತಾತ ಹೋದ್ಮೇಲೆ ನಮ್ಮಜ್ಜಿ ಹನ್ನೆರಡು ವರ್ಷ ತಾನೇ ಪೂಜೆ ಮಾಡಿದ್ರು, ಯಾರನ್ನೂ ಕೇಳ್ಲಿಲ್ಲ.

ಕುವೆಂಪುನಗರದವಳು:
ಎಲ್ರಿಗೂ ಥ್ಯಾಂಕ್ಸ್. ಮೇಲುಕೋಟೆಯವ್ರೇ, ನಿಮ್ಮ ಮಾತು ಅರ್ಥ ಆಯ್ತು, ಆದ್ರೂ ಇವತ್ತು ನಾನೇ ಮಾಡ್ದೆ. ಪುರುಷಸೂಕ್ತ ಬರಲ್ಲ, ಅಮ್ಮ ಕುರ್ಚೀಲಿ ಕೂತು ವಿಷ್ಣು ಸಹಸ್ರನಾಮ ಹೇಳಿದ್ರು, ಅದು ಮುಗಿಯೋವರೆಗೂ ನೀರು ಹಾಕ್ತಾನೇ ಇದ್ದೆ. ತೀರ್ಥ ಕೊಡೋಕೆ ಹೋದಾಗ, ಅಪ್ಪಂಗೆ ಹಿಡೀತಿದ್ದ ಹಾಗೇ ಸೆರಗು ಮಡಚಿ ಅಂಗೈ ಕೆಳಗೆ ಇಟ್ಕೊಂಡು ಕೈ ಒಡ್ಡಿದ್ರು.