ಊರಿನ ಹಳೇ ಮನೆ, ವಯಸ್ಸಾದ ಅಪ್ಪ ಅಮ್ಮ: ಮೊದಲು ಏನು ಮಾಡಿಸಲಿ?

ಅಪ್ಪನಿಗೆ 79, ಅಮ್ಮನಿಗೆ 73. ತೀರ್ಥಹಳ್ಳಿ ಹತ್ತಿರದ ಹಳೇ ಹೆಂಚಿನ ಮನೆಯಲ್ಲಿ ಇಬ್ಬರೇ ಇದ್ದಾರೆ. ಹಂಡೆ ಒಲೆ ಇರುವ ಬಚ್ಚಲು, ಎತ್ತರದ ಹೊಸ್ತಿಲು. ಹೋದ ತಿಂಗಳು ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಬೆಂಗಳೂರಿಗೆ ಬನ್ನಿ ಅಂದರೆ ಇಬ್ಬರೂ ಒಪ್ಪುತ್ತಿಲ್ಲ. ಮುಂದಿನ ವಾರ ನಾಲ್ಕು ದಿನ ರಜೆ ಹಾಕಿ ಹೋಗುತ್ತಿದ್ದೇನೆ. ಅಷ್ಟರಲ್ಲಿ ಏನೇನು ಮಾಡಿಸಬಹುದು? ಮಾಡಿಸಿದವರು ದಯವಿಟ್ಟು ಹೇಳಿ.

ಸಾಗರದಿಂದ:
ಮೊದಲ ದಿನ ಏನೂ ಕೊಳ್ಳಬೇಡಿ. ಸುಮ್ನೆ ಕೂತು ಅವರು ಓಡಾಡುವುದನ್ನು ನೋಡಿ. ನಾನು ಹಾಗೆ ಮಾಡಲಿಲ್ಲ. ಹಿಡಿಕೆ ತಂದು, ಬಚ್ಚಲಲ್ಲಿ ನನಗೆ ಸರಿ ಕಂಡ ಕಡೆ ಹಾಕಿಸಿದೆ. ಅಮ್ಮ ಒಂದು ದಿನವೂ ಅದನ್ನು ಮುಟ್ಟಲಿಲ್ಲ. ಆಮೇಲೆ ಕಣ್ಣಿಗೆ ಬಿತ್ತು. ಬಚ್ಚಲ ಬಾಗಿಲ ಪಕ್ಕ, ಸುಣ್ಣದ ಗೋಡೆಯ ಮೇಲೆ, ನನ್ನ ಸೊಂಟಕ್ಕಿಂತ ಸ್ವಲ್ಪ ಮೇಲೆ, ಅಂಗೈ ಅಗಲದ ಒಂದು ಕಪ್ಪು ಕಲೆ. ವರ್ಷಗಟ್ಟಲೆ ಒದ್ದೆ ಕೈ, ಎಣ್ಣೆ ಕೈ ಊರಿ ಊರಿ ಆದದ್ದು. ಹೊಸ್ತಿಲು ದಾಟುವಾಗ ಅಮ್ಮ ಆತುಕೊಳ್ಳುತ್ತಿದ್ದದ್ದು ಅಲ್ಲೇ. ಎರಡನೇ ಹಿಡಿಕೆಯನ್ನು ಆ ಕಲೆಯ ಮೇಲೇ ಕೂರಿಸಿದೆವು. ಈಗ ಯಾರೂ ಹೇಳದೇ ಹಿಡಿಯುತ್ತಾರೆ. ನಿಮ್ಮ ಮನೆಯಲ್ಲೂ ಇಂಥ ಕಲೆ ಇರುತ್ತದೆ. ಮೆಟ್ಟಿಲ ಹತ್ತಿರ, ಜಗಲಿ ಕಂಬದ ಮೇಲೆ ಹುಡುಕಿ.

ಹಿಡಿಕೆ ಸ್ಟೀಲಿನದ್ದಿರಲಿ, ಆಂಕರ್ ಬೋಲ್ಟ್ ಹಾಕಿ ಬಿಗಿಸಿ. ಟೈಲ್ಸಿಗೆ ಒತ್ತಿ ಅಂಟಿಸುವ ರಬ್ಬರ್ ಹಿಡಿಕೆ ಬೇಡವೇ ಬೇಡ, ಬೇಕಾದ ಹೊತ್ತಿಗೇ ಕಿತ್ತು ಬರುತ್ತದೆ. ಟವೆಲ್ ರಾಡ್ ಕೂಡ ಮೈಭಾರ ತಡೆಯುವುದಿಲ್ಲ. ಮಣ್ಣಿನ ಗೋಡೆಯಾದರೆ ಬೋಲ್ಟ್ ನಿಲ್ಲದು. ಆಗ ನೆಲಕ್ಕೆ ಕಾಂಕ್ರೀಟ್ ಹಾಕಿ ಪೈಪ್ ನಿಲ್ಲಿಸಲು ಮೇಸ್ತ್ರಿಗೆ ಹೇಳಿ. ಹಾಕಿಸಿದ ಮೇಲೆ ನೀವೇ ಪೂರ್ತಿ ಭಾರ ಬಿಟ್ಟು ಜೋತು ನೋಡಿ.

ಬಚ್ಚಲ ಬಾಗಿಲು ಒಳಕ್ಕೆ ತೆರೆಯುತ್ತಿದ್ದರೆ ಹೊರಕ್ಕೆ ತೆರೆಯುವ ಹಾಗೆ ತಿರುಗಿಸಿ ಕೂರಿಸಿ. ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ. ಚಿಲಕ ಹಾಕಬೇಡಿ ಅಂದರೆ ನಮ್ಮಪ್ಪ ಕೇಳಲಿಲ್ಲ. ಅವರಿಗೂ ಮರ್ಯಾದೆ ಇದೆ ಅಲ್ವಾ? ಹೊರಗಿನಿಂದ ನಾಣ್ಯ ತಿರುಗಿಸಿ ತೆಗೆಯುವಂಥ ಲಾಕ್ ಹಾಕಿಸಿದೆವು.

ಮೈಸೂರಿನಿಂದ:
ನಮ್ಮ ಮಾವನವರು ಬಿದ್ದದ್ದು ಬಚ್ಚಲಲ್ಲಲ್ಲ, ಮಂಚದ ಪಕ್ಕ. ರಾತ್ರಿ ಮೂತ್ರಕ್ಕೆಂದು ದಿಢೀರನೆ ಎದ್ದರು, ಕಣ್ಣು ಕತ್ತಲಿಟ್ಟಿತು. ಎದ್ದು ನಿಂತಾಗ ಬಿಪಿ ಇಳಿಯುತ್ತಿದೆ, ಒಂದೆರಡು ನಿಮಿಷ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಆಮೇಲೆ ಏಳಬೇಕು ಅಂದರು ಡಾಕ್ಟರು. ಬಿಪಿ ಮಾತ್ರೆ, ನಿದ್ದೆ ಮಾತ್ರೆ ಎಲ್ಲವನ್ನೂ ಒಮ್ಮೆ ಡಾಕ್ಟರಿಗೆ ತೋರಿಸಿ. ಮಂಚದಿಂದ ಬಚ್ಚಲವರೆಗೆ, ಮನುಷ್ಯರು ಬಂದರೆ ತಾನೇ ಹತ್ತುವ ಸಣ್ಣ ಲೈಟು ಹಾಕಿಸಿ. ಕರೆಂಟ್ ಹೋಗುವ ಊರು, ಬ್ಯಾಟರಿ ಇರುವಂಥದ್ದೇ ತನ್ನಿ.

ಬೆಂಗಳೂರಿನಿಂದ:
ಹಂಡೆ ಒಲೆ ತೆಗೆಸಿ ಗ್ಯಾಸ್ ಗೀಸರ್ ಹಾಕಿಸುವ ಯೋಚನೆ ಇದ್ದರೆ, ಅದು ಬಚ್ಚಲ ಒಳಗೆ ಬೇಡ. ಗಾಳಿ ಆಡದ ಕಡೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ಗೊತ್ತೇ ಆಗುವುದಿಲ್ಲ. ಹೊರಗೋಡೆಗೆ ಹಾಕಿಸಿ ಪೈಪ್ ಒಳಗೆ ತನ್ನಿ. ಕರೆಂಟ್ ಗೀಸರ್ ಆದರೆ ಅರ್ತಿಂಗ್ ಪರೀಕ್ಷೆ ಮಾಡಿಸಿ, 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ.

ಶಿರಸಿಯಿಂದ:
ಅಂಗಳ ಮರೆಯಬೇಡಿ! ಮಳೆಗಾಲದಲ್ಲಿ ನಮ್ಮ ಕಡೆ ಬೀಳುವುದು ಜಾಸ್ತಿ ಪಾಚಿಯ ಮೇಲೆ. ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಪೊರಕೆಯಲ್ಲಿ ಉಜ್ಜಿಸಿ. ಅಡಿಕೆ ದಬ್ಬೆ ಹಾಸಿದ್ದರೆ ಹಳತನ್ನು ಬದಲಿಸಿ, ಅದೂ ಜಾರುತ್ತದೆ. ಪಕ್ಕದ ಮನೆಯವರ ಹತ್ತಿರ ಒಂದು ಬೀಗದ ಕೈ ಇರಲಿ. ಅವರ ನಂಬರ್, ಆಂಬುಲೆನ್ಸಿನ 108, ಹಿರಿಯರ ಸಹಾಯವಾಣಿ 14567, ಮೂರನ್ನೂ ಫೋನಿನ ಮೇಲಿನ ಗೋಡೆಗೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ.

ಕೇಳಿದವರಿಂದ:
ಎಲ್ಲರಿಗೂ ಧನ್ಯವಾದ. ಸಾಗರದವರು ಹೇಳಿದ್ದು ಓದಿ ಈಗಷ್ಟೇ ಅಮ್ಮನಿಗೆ ಫೋನ್ ಮಾಡಿದೆ. ಜಾರಿದಾಗ ಎಲ್ಲಿ ಹಿಡಿಯಲು ಹೋದಿರಿ ಅಂತ ಕೇಳಿದೆ. "ಹಂಡೆ ಅಂಚು ಹಿಡ್ಕೊಂಡೆ ಮಗಾ, ಬಿಸಿ ಇತ್ತು, ಕೈ ಬಿಟ್ಟೆ" ಅಂದರು. ಇಷ್ಟು ದಿನ ನಾನು ಕೇಳಿರಲೇ ಇಲ್ಲ. ಮೊದಲ ಹಿಡಿಕೆ ಹಂಡೆ ಪಕ್ಕದ ಗೋಡೆಗೆ.