ಲ್ಯಾಂಬ್ಡಾ ಪ್ಲಾಕ್‌ನ ನಡುಭಾಗ ಮಬ್ಬು ಯಾಕೆ?

ಮಬ್ಬುಪ್ಲೇಟ್:
ಎಂಎಸ್ಸಿ ಎರಡನೇ ವರ್ಷ, ಮೈಕ್ರೋಬಯಾಲಜಿ. ಕಳೆದ ವಾರ ಇ. ಕೋಲೈ ಬ್ಯಾಕ್ಟೀರಿಯಾ ಮೇಲೆ ಲ್ಯಾಂಬ್ಡಾ ಫೇಜ್ (ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್) ಹಾಕಿದೆ. ಪ್ಲಾಕ್ (ಬ್ಯಾಕ್ಟೀರಿಯಾ ಸತ್ತು ಆಗುವ ತಿಳಿ ಚುಕ್ಕೆ) ಬಂದವು, ಆದರೆ ಒಂದೊಂದರ ನಡುಭಾಗ ಮಂಜು ಕವಿದ ಹಾಗೆ. ಒಂದೆರಡು ಮಾತ್ರ ಪೂರ್ತಿ ತಿಳಿ. ಸಾಫ್ಟ್ ಅಗಾರ್ (ಪ್ಲೇಟಿನ ಮೇಲಿನ ಮೆದು ಜೆಲ್ ಪದರ) ಸರಿ ಹಾಕಿಲ್ಲ ಅಂತ ಬೈಸಿಕೊಂಡೆ. ಇನ್ನೊಂದು ಡೌಟ್: ಫೇಜ್‌ನ ಸಿಐ, ಕ್ರೋ ಪ್ರೋಟೀನ್ ಎರಡೂ ಅದರ ಡಿಎನ್‌ಎಯ ಅದೇ ಮೂರು ಆಪರೇಟರ್‌ಗಳಿಗೆ (ಜೀನ್ ಸ್ವಿಚ್ ಜಾಗಗಳು: ಓಆರ್1, ಓಆರ್2, ಓಆರ್3) ಅಂಟುತ್ತವೆ ಅಲ್ವಾ? ಮತ್ತೆ ಸಿಐ ಗೆದ್ದರೆ ಫೇಜ್ ಸುಮ್ನೆ, ಕ್ರೋ ಗೆದ್ದರೆ ಕೋಶ ಒಡೆತ, ಹೀಗೆ ಫಲ ಉಲ್ಟಾ ಹೇಗೆ?

ಹಳೇ ಫೇಜ್ ಗಿರಾಕಿ:
ನಿಮ್ಮ ಅಗಾರ್ ಚೆನ್ನಾಗಿಯೇ ಇದೆ ಮಾರಾಯ್ರೆ. ಆ ಮಬ್ಬೇ ಲೈಸೊಜೆನಿ. ಫೇಜ್ ಒಳಗೆ ಹೋದರೂ ಸಾಯದ ಬ್ಯಾಕ್ಟೀರಿಯಾ ಅಲ್ಲಿ ಬೆಳೆದಿವೆ. ಫೇಜ್‌ನ 48,502 ಅಕ್ಷರದ ಡಿಎನ್‌ಎ ಅವುಗಳ ಕ್ರೋಮೋಸೋಮ್‌ನಲ್ಲಿ, ಗ್ಯಾಲ್ ಮತ್ತು ಬಯೊ ಜೀನ್‌ಗಳ ನಡುವೆ, ಸುಮ್ನೆ ಕೂತಿದೆ. ತಿಳಿ ಪ್ಲಾಕ್‌ಗಳು ಬಹುಶಃ ಜೀನ್ ಕೆಟ್ಟು ಹಾಗೆ ಕೂರಲಾಗದ ಮ್ಯುಟೆಂಟ್ ಫೇಜ್‌ಗಳವು. ಇಂಥ ಜೀನ್‌ಗಳಾದ ಸಿಐ, ಸಿಐಐ, ಸಿಐಐಐ ಹೆಸರಿನ ‘ಸಿ’ ಬಂದದ್ದೇ ಕ್ಲಿಯರ್ ಅನ್ನುವುದರಿಂದ.

ಆಪರೇಟರ್ ವಿಷಯ: ಬಸ್ಸಿನ ಮೂರು ಜನರ ಸೀಟು ಅಂದುಕೊಳ್ಳಿ. ಸಿಐ ಮೊದಲು ಟವೆಲ್ ಹಾಕುವುದು ಓಆರ್1ಕ್ಕೆ, ಹಾಕಿದ ಕೂಡಲೇ ಪಕ್ಕದ ಓಆರ್2ಕ್ಕೆ ಜೊತೆಗಾರನನ್ನು ಎಳೆದುಕೊಳ್ಳುತ್ತದೆ. ಅಲ್ಲಿಗೆ ಕ್ರೋ ಜೀನ್‌ನ ಪ್ರಮೋಟರ್ (ಜೀನ್ ಓದಲು ಶುರುವಾಗುವ ಜಾಗ) ಬಂದ್. ಓಆರ್2ರಲ್ಲಿ ಕೂತ ಸಿಐ ಆರ್‌ಎನ್‌ಎ ಪಾಲಿಮರೇಸ್‌ಗೆ (ಜೀನ್ ಓದುವ ಕಿಣ್ವ) ನೆರವಾಗಿ ಇನ್ನಷ್ಟು ಸಿಐ ಮಾಡಿಸುತ್ತದೆ. ಕ್ರೋ ಆ ತುದಿಯಿಂದ ಬರುತ್ತದೆ. ಮೊದಲು ಓಆರ್3 ಹಿಡಿದು ಸಿಐ ತಯಾರಿಯನ್ನೇ ನಿಲ್ಲಿಸುತ್ತದೆ. ಸೀಟು ಅವೇ, ಹತ್ತುವ ಬಾಗಿಲು ಬೇರೆ. ಸಿಐ ಜಾಸ್ತಿಯಾದರೆ ತಾನೇ ಓಆರ್3ಕ್ಕೂ ಕೂತು ತನ್ನ ತಯಾರಿಗೆ ಬ್ರೇಕ್ ಹಾಕಿಕೊಳ್ಳುತ್ತದೆ. ನನಗೆ ತುಂಬ ಇಷ್ಟದ ಭಾಗ ಇದು.

ಮಬ್ಬುಪ್ಲೇಟ್:
ಹಾಗಾದರೆ ಮೊದಲ ಟವೆಲ್ ಯಾರದು ಅಂತ ತೀರ್ಮಾನಿಸುವವರು ಯಾರು?

ಹಳೇ ಫೇಜ್ ಗಿರಾಕಿ:
ಸಿಐಐ. ಸಿಐ ಜೀನ್‌ಗೆ ಮೊದಲ ತಳ್ಳು ಕೊಡುವುದು ಅದೇ. ಆದರೆ ಬಲು ಅಲ್ಪಾಯುಷಿ, ಇ. ಕೋಲೈನ ಎಫ್‌ಟಿಎಸ್‌ಎಚ್ ಪ್ರೋಟಿಯೇಸ್ (ಪ್ರೋಟೀನ್ ಕಡಿಯುವ ಕಿಣ್ವ) ಅದನ್ನು ಕಡಿದು ಹಾಕುತ್ತದೆ. ಸಿಐಐಐ ಅಡ್ಡ ಬಂದು ಅದನ್ನು ಸ್ವಲ್ಪ ಕಾಪಾಡುತ್ತದೆ. ಒಂದೇ ಕೋಶಕ್ಕೆ ಹಲವು ಫೇಜ್ ನುಗ್ಗಿದರೆ ಸಿಐಐ ಪ್ರಮಾಣ ಹೆಚ್ಚಾಗಿ ಫೇಜ್ ಲೈಸೊಜೆನಿ ಕಡೆಗೆ ವಾಲುತ್ತದೆ. ಗಿರಾಕಿಗಳು ಜಾಸ್ತಿ, ಊಟ ಕಡಿಮೆ ಅಂತ ಅದಕ್ಕೂ ಗೊತ್ತಾಗುತ್ತದೆ ಅನ್ನಬಹುದು.

ಶೇಕರ್ ಕಾವಲುಗಾರ:
ಸಿಐ857 ಅನ್ನುವ ಲ್ಯಾಂಬ್ಡಾ ಮ್ಯುಟೆಂಟ್ ನೆನಪಾಯಿತು. ಅದರ ಸಿಐ 30 ಡಿಗ್ರಿಯಲ್ಲಿ ಗಟ್ಟಿ, 42ರಲ್ಲಿ ಕೈ ಕೊಡುತ್ತದೆ. ನಾನು ಕೆಲಸ ಮಾಡಿದ ಒಂದು ಲ್ಯಾಬಿನಲ್ಲಿ ಅದನ್ನು ಹೊತ್ತ ಬ್ಯಾಕ್ಟೀರಿಯಾ ಬೆಳೆಯುತ್ತಿದ್ದ ಶೇಕರ್ (ಫ್ಲಾಸ್ಕ್ ಅಲುಗಾಡಿಸುವ ಯಂತ್ರ) ಯಾರೋ ರಾತ್ರಿ ತಿರುವಿ 42ಕ್ಕೆ ಇಟ್ಟಿದ್ದರು. ಬೆಳಗ್ಗೆ ಕೋಶ ಎಲ್ಲ ಒಡೆದು ಫ್ಲಾಸ್ಕ್ ನೀರಿನ ಹಾಗೆ ತಿಳಿ, ತಳದಲ್ಲಿ ಎಳೆ ಎಳೆ ಕಸ. ಎರಡು ವಾರದ ಕೆಲಸ ಹೋಯಿತು. ಯುವಿ ಕೊಟ್ಟರೂ ಇದೇ ಗತಿ: ಡಿಎನ್‌ಎ ಪೆಟ್ಟು ತಿಂದಾಗ ಕೋಶದ ರೆಕ್‌ಎ ಪ್ರೋಟೀನ್ ಎಚ್ಚರಾಗುತ್ತದೆ, ಅದರ ಕುಮ್ಮಕ್ಕಿನಿಂದ ಸಿಐ ತನ್ನನ್ನೇ ಕತ್ತರಿಸಿಕೊಳ್ಳುತ್ತದೆ. ಅಂದಹಾಗೆ ಇ. ಕೋಲೈನ ಕೆ-12 ತಳಿಯೊಳಗೆ ಲ್ಯಾಂಬ್ಡಾ ಇದ್ದದ್ದು ವರ್ಷಗಟ್ಟಲೆ ಯಾರಿಗೂ ಗೊತ್ತಿರಲಿಲ್ಲ. 1951ರಲ್ಲಿ ಅದನ್ನು ವರದಿ ಮಾಡಿದವರು ಎಸ್ತರ್ ಲೆಡರ್‌ಬರ್ಗ್.

ಹಳೇ ಫೇಜ್ ಗಿರಾಕಿ:
ಮಬ್ಬಿನಿಂದ ಸೂಜಿಯಲ್ಲಿ ಚುಚ್ಚಿ ತೆಗೆದು ಹೊಸ ಪ್ಲೇಟ್ ಮೇಲೆ ಸ್ಟ್ರೀಕ್ ಮಾಡಿ (ಗೀರಿ ಹರಡಿ). ಬಂದ ಕಾಲೊನಿಗಳನ್ನು ಒಂದೊಂದಾಗಿ ಬೆಳೆಸಿ ಅದೇ ಲ್ಯಾಂಬ್ಡಾ ಹನಿ ಹಾಕಿ. ಲೈಸೊಜೆನ್ (ಒಳಗೆ ಫೇಜ್ ಕೂತ ಬ್ಯಾಕ್ಟೀರಿಯಾ) ಆಗಿದ್ದರೆ ಏನೂ ಆಗುವುದಿಲ್ಲ, ಒಳಗಿನ ಸಿಐ ಹೊಸಬನ ಬಾಯಿಯನ್ನೂ ಮುಚ್ಚಿಸುತ್ತದೆ. ಬೈದವರಿಗೆ ಆ ಪ್ಲೇಟ್ ತೋರಿಸಿ.